ಅಜ್ಜಿಯ ಉಸಿರು ಎಣಿಸಿದ ದಿನ

ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಸೇರಿದ ಮೊದಲ ವಾರ ಪಾಠವೇ ಇರಲಿಲ್ಲ. ಹೇಗೆ ಓದಬೇಕು, ನೋಟ್ಸ್ ಹೇಗೆ ಬರೆದುಕೊಳ್ಳಬೇಕು, ಟೈಮ್‌ಟೇಬಲ್ ಹೇಗೆ ಹಾಕಿಕೊಳ್ಳಬೇಕು, ಬರೀ ಇಂಥ ತರಗತಿಗಳು. ನಾನು ಕೊನೆಯ ಬೆಂಚಿನಲ್ಲಿ ಕೂತು ಸುಮ್ನೆ ಕೇಳಿಸಿಕೊಂಡೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಡ್ಯದಲ್ಲಿ ಪಿಯುಸಿ ಸೈನ್ಸ್, ಇಷ್ಟು ವರ್ಷ ಓದಿಕೊಂಡೇ ಬಂದಿದ್ದೀನಲ್ಲ, ಓದೋದನ್ನ ಮತ್ತೇನು ಕಲಿಯೋದು ಅನಿಸಿತ್ತು. ಒಬ್ಬರು ಸರ್ ಬೋರ್ಡಿನ ಮೇಲೆ ಒಂದು ಹಾಳೆ ಬರೆದು ಅದನ್ನು ಗೆರೆ ಎಳೆದು ಭಾಗ ಮಾಡಿದರು. ಬಲಗಡೆ ಅಗಲ ಜಾಗ, ಅಲ್ಲಿ ಪಾಠದ ನೋಟ್ಸ್. ಎಡಗಡೆ ಸಣ್ಣ ಪಟ್ಟಿ, ಅಲ್ಲಿ ಪ್ರಶ್ನೆ. ಕೆಳಗೆ ನಾಲ್ಕು ಬೆರಳಷ್ಟು ಜಾಗ, ಅಲ್ಲಿ ನಮ್ಮದೇ ಮಾತಿನಲ್ಲಿ ಸಾರಾಂಶ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅನ್ನುವವರು ರೂಪಿಸಿದ ಪದ್ಧತಿ ಅಂದರು. ಬರೆದುಕೊಂಡೆ, ಪುಟ ತಿರುಗಿಸಿದೆ, ಮರೆತೆ.

ಆಮೇಲೆ ಶುರುವಾಯಿತು ನೋಡಿ. ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷು, ನರ್ಸಿಂಗ್ ಫೌಂಡೇಶನ್. ಎಲ್ಲಾ ಇಂಗ್ಲಿಷಿನಲ್ಲೇ. ಬೆಳಿಗ್ಗೆ ಪಾಂಡವಪುರದಲ್ಲಿ ರೈಲು ಹತ್ತಿದರೆ ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರು ಬರುವವರೆಗೂ ಉರು ಹೊಡೆಯುವುದೇ ಕೆಲಸ. ಸೀಟು ಸಿಗದ ದಿನ ಬಾಗಿಲ ಹತ್ತಿರ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ನೋಟ್ಸ್ ಹಿಡಿದು ಓದುತ್ತಿದ್ದೆ. ಮೊದಲ ಇಂಟರ್ನಲ್‌ನಲ್ಲಿ ಫೌಂಡೇಶನ್‌ಗೆ ಒಳ್ಳೆಯ ಮಾರ್ಕ್ಸೇ ಬಂತು. ‘ರೆಸ್ಪಿರೇಷನ್ ಶುಡ್ ಬಿ ಕೌಂಟೆಡ್ ವಿದೌಟ್ ದಿ ಅವೇರ್‌ನೆಸ್ ಆಫ್ ದಿ ಪೇಷೆಂಟ್’ ಅನ್ನುವ ಸಾಲನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದೆ. ಅದರ ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ ಟಿಕ್ ಹಾಕಿದ್ದರು.

ಆ ಟಿಕ್ ಬಿದ್ದ ಕೆಲವೇ ದಿನಕ್ಕೆ ನಮ್ಮನ್ನು ವಾರ್ಡಿಗೆ ಕರೆದುಕೊಂಡು ಹೋದರು. ಹೆಂಗಸರ ವಾರ್ಡು. ನನಗೆ ಕೊಟ್ಟಿದ್ದು ಮದ್ದೂರು ಕಡೆಯ ಒಬ್ಬ ಅಜ್ಜಿ. ಜ್ವರ, ಕೆಮ್ಮು. ಟಿಪಿಆರ್ ನೋಡಿ ಚಾರ್ಟಿನಲ್ಲಿ ಬರೆಯಬೇಕಿತ್ತು, ಅಂದರೆ ಮೈಬಿಸಿ, ನಾಡಿ, ಉಸಿರು. ಜ್ವರ 101 ಡಿಗ್ರಿ ಇತ್ತು. ನಾಡಿಗೆ ಹೆಬ್ಬೆರಳಿನ ಬುಡದ ಹತ್ತಿರ ಮೂರು ಬೆರಳು ಇಟ್ಟೆ. ಅಜ್ಜಿಯ ಚರ್ಮ ಹಳೆಯ ಹತ್ತಿಸೀರೆಯ ಹಾಗೆ ಮೆತ್ತಗಿತ್ತು, ಬಳೆಯನ್ನು ಸ್ವಲ್ಪ ಮೇಲೆ ಸರಿಸಿದ ಮೇಲೆ ನಾಡಿ ಸಿಕ್ಕಿತು. ಪೂರ್ತಿ ಒಂದು ನಿಮಿಷ ಎಣಿಸಿದೆ, 104. ದೊಡ್ಡವರಿಗೆ 60ರಿಂದ 100 ಇರಬೇಕು, ಜ್ವರಕ್ಕೆ ಜಾಸ್ತಿಯಾಗಿದೆ ಅಂದುಕೊಂಡೆ. ಕೈ ಬಿಟ್ಟು, ವಾಚು ನೋಡಿಕೊಂಡು, “ಅಜ್ಜಿ, ಈಗ ನಿಮ್ಮ ಉಸಿರು ಎಣಿಸ್ತೀನಿ” ಅಂದೆ.

ಅಜ್ಜಿ ಎದ್ದು ಸರಿಯಾಗಿ ಕೂತರು. ಸೆರಗು ಸರಿ ಮಾಡಿಕೊಂಡರು. ಬಾಯಿ ತೆರೆದು ನಿಧಾನಕ್ಕೆ ಉಸಿರು ಎಳೆದುಕೊಂಡು, ಅಷ್ಟೇ ನಿಧಾನಕ್ಕೆ ಬಿಟ್ಟರು. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ‘ಜೋರಾಗಿ ಉಸಿರು ತಗೊಳ್ಳಿ’ ಅಂತಾರಲ್ಲ, ಉಸಿರು ಅಂದ ಕೂಡಲೇ ಅವರಿಗೆ ಅದೇ ನೆನಪಾಗಿದೆ. “ಸಾಕಾ ಕಣವ್ವ, ಇನ್ನೂ ಎಳೀಬೇಕಾ?” ಅಂತ ಕೇಳಿದರು. ನಾನು ಎಣಿಸಿದೆ, 16. ನಾರ್ಮಲ್ 12ರಿಂದ 20. ಖುಷಿಯಿಂದ ಚಾರ್ಟಿನಲ್ಲಿ 16 ಅಂತ ಬರೆದೆ.

ಮೇಡಂ ಬಂದು ಚಾರ್ಟು ನೋಡಿದರು, ಅಜ್ಜಿಯ ಮುಖ ನೋಡಿದರು. ನನಗೆ ಏನೂ ಹೇಳಲಿಲ್ಲ. ಮಂಚದ ಪಕ್ಕ ನಿಂತು ಅಜ್ಜಿಯ ಕೈಯನ್ನು ಅವರ ಎದೆಯ ಮೇಲೇ ಮಡಿಸಿ ಇಟ್ಟು, ನಾಡಿ ಹಿಡಿದರು. ಒಂದು ನಿಮಿಷವಾದರೂ ಕೈ ಬಿಡಲಿಲ್ಲ, ನಾಡಿ ನೋಡುವವರ ಹಾಗೇ ನಿಂತಿದ್ದರು. ಆದರೆ ಕಣ್ಣು ಮಾತ್ರ ಸೆರಗಿನ ಮೇಲಿತ್ತು. ಸೆರಗು ಏರಿ ಇಳಿದರೆ ಒಂದು, ಮತ್ತೆ ಏರಿ ಇಳಿದರೆ ಎರಡು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, 28.

ನನಗೆ ಕೈಕಾಲು ತಣ್ಣಗಾಯಿತು. 16ಕ್ಕೂ 28ಕ್ಕೂ ಎಷ್ಟು ವ್ಯತ್ಯಾಸ! ಕೆಮ್ಮು ಜ್ವರ ಇರುವವರ ಉಸಿರು 28ಕ್ಕೆ ಹೋಗಿದೆ ಅಂದರೆ ತಕ್ಷಣ ಡಾಕ್ಟರಿಗೆ ಹೇಳಬೇಕಾದ ವಿಷಯ. ನನ್ನ ಚಾರ್ಟನ್ನು ನಂಬಿದ್ದರೆ ಅಜ್ಜಿಗೆ ಉಸಿರಿನ ತೊಂದರೆಯೇ ಇಲ್ಲ ಅಂತ ಆಗಿಬಿಡುತ್ತಿತ್ತು. ಮೇಡಂ ಆಗಲೇ ಡಾಕ್ಟರಿಗೆ ತಿಳಿಸಿದರು, ಅವರು ಬಂದು ನೋಡಿದರು. ಆಮೇಲೆ ಮೇಡಂ ನನಗೆ ಕನ್ನಡದಲ್ಲೇ ಹೇಳಿದರು: “ನಾಡಿ ನಮ್ಮ ಮಾತು ಕೇಳಲ್ಲ ಕಣಮ್ಮ, ಆದ್ರೆ ಉಸಿರು ಕೇಳುತ್ತೆ. ಎಣಿಸ್ತಿದ್ದಾರೆ ಅಂತ ಗೊತ್ತಾದ್ರೆ ಯಾರಾದ್ರೂ ಉಸಿರಾಡೋ ರೀತಿ ಬದಲಾಗುತ್ತೆ. ಅದಕ್ಕೇ ಗೊತ್ತಾಗದ ಹಾಗೆ ಎಣಿಸೋದು.”

ವಿದೌಟ್ ದಿ ಅವೇರ್‌ನೆಸ್. ಅಂದರೆ ಗೊತ್ತಾಗದ ಹಾಗೆ. ಅದೇ ಸಾಲು. ಮಾರ್ಕ್ಸ್ ತಂದುಕೊಟ್ಟ ಸಾಲು. ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

ಸಂಜೆ ರೈಲಿನಲ್ಲಿ ಕೂತು ಹಳೆಯ ನೋಟ್‌ಬುಕ್ಕಿನಲ್ಲಿ ಸರ್ ಬೋರ್ಡಿನಿಂದ ಬರೆದುಕೊಂಡಿದ್ದ ಆ ಹಾಳೆಯನ್ನು ಹುಡುಕಿದೆ. ಹೊಸ ಪುಟಕ್ಕೆ ಗೆರೆ ಎಳೆದು, ಬಲಗಡೆ ಇಂಗ್ಲಿಷಿನ ಸಾಲು ಬರೆದೆ, ಎಡಗಡೆ ಕನ್ನಡದಲ್ಲಿ ‘ಯಾಕೆ?’ ಅಂತ ಬರೆದೆ. ನಾಡಿ ನೋಡಲು ಹೆಬ್ಬೆರಳು ಯಾಕೆ ಬೇಡ? ಹೆಬ್ಬೆರಳಿಗೇ ನಾಡಿಯ ಬಡಿತ ಇದೆ, ನಮ್ಮದನ್ನೇ ಎಣಿಸಿಬಿಡುತ್ತೇವೆ. ಬಿಪಿ ನೋಡುವಾಗ ತೋಳು ಹೃದಯದ ಮಟ್ಟಕ್ಕೆ ಯಾಕಿರಬೇಕು? ಕೆಳಗೆ ಇಳಿಬಿಟ್ಟರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ. ಉತ್ತರ ಗೊತ್ತಿಲ್ಲದ ‘ಯಾಕೆ’ಗಳನ್ನು ಗುರುತು ಹಾಕಿಕೊಂಡು ಮರುದಿನ ಕ್ಲಾಸಿನಲ್ಲಿ ಕೇಳಿದೆ, ಕನ್ನಡದಲ್ಲೇ ಕೇಳಿದೆ. ಒಬ್ಬಿಬ್ಬರು ತಿರುಗಿ ನೋಡಿದರು, ನೋಡಲಿ.

ಕಷ್ಟದ ಪದಗಳಿಗೂ ಒಂದು ದಾರಿ ಸಿಕ್ಕಿತು. ಹೈಸ್ಕೂಲಿನಲ್ಲಿ ‘ಬಿಡಿಸಿ ಬರೆಯಿರಿ’ ಅಂತ ಸಂಧಿ, ಸಮಾಸ ಕೊಡುತ್ತಿದ್ದರಲ್ಲ, ಹಾಗೇ ಬಿಡಿಸತೊಡಗಿದೆ. ಪ್ನಿಯಾ ಅಂದರೆ ಉಸಿರಾಟ. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ, ಡಿಸ್ ಅಂದರೆ ಕಷ್ಟ, ಬರೀ ‘ಅ’ ಬಂದರೆ ಇಲ್ಲ ಅಂತ, ನಮ್ಮ ಅನ್ಯಾಯ, ಅಶಾಂತಿಯ ಹಾಗೇ. ಟ್ಯಾಕಿಪ್ನಿಯಾ, ಬ್ರಾಡಿಪ್ನಿಯಾ, ಡಿಸ್ಪ್ನಿಯಾ, ಅಪ್ನಿಯಾ. ನಾಲ್ಕು ಪದ ಒಂದೇ ಸಲಕ್ಕೆ ಬಂದವು. ಅಜ್ಜಿಗೆ ಇದ್ದದ್ದು ಮೊದಲನೆಯದು.

ಅಜ್ಜಿ ಐದಾರು ದಿನ ಇದ್ದರು. ನಾನು ದಿನಾ ಹೋಗಿ ಕೈ ಹಿಡಿಯುತ್ತಿದ್ದೆ. 28 ಇದ್ದದ್ದು 24ಕ್ಕೆ, ಆಮೇಲೆ 20ಕ್ಕೆ ಇಳಿಯಿತು. “ಇದೇನ್ ಮಗ, ಇವತ್ತು ಉಸಿರು ಎಣಿಸಾಕಿಲ್ವಾ?” ಅಂತ ಒಂದು ದಿನ ಕೇಳಿದರು. ನಾನು ನಕ್ಕು “ಇಲ್ಲ ಅಜ್ಜಿ, ಬರೀ ನಾಡಿ” ಅಂದೆ.

ಆ ಭಾನುವಾರ ಮನೆಯಲ್ಲಿ ಅವ್ವ ಚಾಪೆಯ ಮೇಲೆ ಒರಗಿಕೊಂಡಿದ್ದಳು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ. ನಾಡಿ 76. ಅವ್ವ ಕೊಟ್ಟಿಗೆ ಹಸುವಿನ ಕಥೆ ಶುರು ಮಾಡಿದ್ದಳು, ಮಾತಾಡುವಾಗ ಉಸಿರು ಎಣಿಸೋಕೆ ಆಗಲ್ಲ. ಕೈ ಬಿಡದೆ ಕಾದೆ. ಕಥೆ ಮುಗಿದು ಅವಳು ಕಣ್ಣು ಮುಚ್ಚಿದ ಮೇಲೆ ಸೆರಗಿನ ಕಡೆ ನೋಡಿದೆ. 18. ಅವ್ವನಿಗೆ ಗೊತ್ತೇ ಆಗಲಿಲ್ಲ.