ಡೈರಿಯಲ್ಲಿ ಸಿಕ್ಕ ಸಂಜೆ ಏಳು ಗಂಟೆ

ಹೋದ ವರ್ಷ ನನ್ನ ಹಳೆಯ ಡೈರಿಗಳನ್ನೆಲ್ಲ ತೆಗೆದು ಓದಿದೆ. ನಾಲ್ಕು ವರ್ಷದ್ದು. "ನಾನು ತಾಳ್ಮೆ ಕಲಿಯಬೇಕು" ಅನ್ನೋ ಸಾಲು ಹನ್ನೊಂದು ಕಡೆ ಇತ್ತು. ಕೆಲವು ಕಡೆ ಅಡಿಗೆರೆ ಎಳೆದಿದ್ದೆ. ಒಂದು ಕಡೆ ಪೆನ್ನು ಒತ್ತಿದ ರಭಸಕ್ಕೆ ಮುಂದಿನ ಪುಟದಲ್ಲೂ ಅಚ್ಚು ಮೂಡಿತ್ತು. ಪ್ರತಿ ಸಲವೂ ಮನಸಾರೆ ಬರೆದ ಸಾಲೇ. ಆದರೂ ಮೊದಲನೇ ಸಾಲು ಬರೆದವಳಿಗೂ ಹನ್ನೊಂದನೇ ಸಾಲು ಬರೆದವಳಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಹನ್ನೆರಡನೇ ಸಲ ಅದನ್ನು ಬರೆಯೋಕೆ ಕೈ ಬರಲಿಲ್ಲ.

ಅವತ್ತು ಸಂಜೆ ಕೆಲಸದಿಂದ ಆಗಷ್ಟೇ ಬಂದಿದ್ದೆ. ಬ್ಯಾಗ್ ಇನ್ನೂ ಹೆಗಲ ಮೇಲಿತ್ತು. ಅಪ್ಪ ಫೋನ್ ಹಿಡಿದುಕೊಂಡು ಬಂದರು. "ಈ ಫೋಟೊ ನನ್ನ ತಂಗಿಗೆ ಕಳಿಸೋದು ಹೇಗಮ್ಮಾ?"

"ನಿನ್ನೆ ತಾನೇ ತೋರಿಸಿದೆನಲ್ಲಪ್ಪಾ!"

ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಅಪ್ಪ ಮರುಮಾತಾಡಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

ಆ ರಾತ್ರಿ ಡೈರಿಯಲ್ಲಿ ನಡೆದದ್ದನ್ನಷ್ಟೇ ಬರೆದೆ. ಎಷ್ಟು ಗಂಟೆ, ನಾನು ಎಲ್ಲಿ ನಿಂತಿದ್ದೆ, ಬಾಯಿಂದ ಬಂದ ಮಾತು ಬಂದ ಹಾಗೇ, ಆಮೇಲೆ ಆ ಕನ್ನಡಕ. ನನಗೆ ನಾನೇ ಬುದ್ಧಿ ಹೇಳಿಕೊಳ್ಳೋ ಮಾತು ಒಂದೂ ಬರೆಯಲಿಲ್ಲ. ಬರೆಯುವಾಗ ಅಳು ಬಂತು.

ಮುಂದೆ ಮೂರು ವಾರ ಹಾಗೇ ಬರೆದೆ. ರೇಗಿದ ದಿನ ಏನಾಯಿತೋ ಅಷ್ಟೇ. ಕೊನೆಗೆ ಎಣಿಸಿದರೆ ಒಂಬತ್ತು ಸಲ. ಅದರಲ್ಲಿ ಏಳು ಸಲ ಸಂಜೆ ಏಳರಿಂದ ಎಂಟರ ಒಳಗೆ. ಆ ಏಳೂ ಸಲ ನಾನು ನಿಂತೇ ಇದ್ದೆ. ಬೆಳಿಗ್ಗೆ ಹೊತ್ತು ಅದೇ ಅಪ್ಪ ಅದೇ ಪ್ರಶ್ನೆ ಕೇಳಿದಾಗ ನಗುತ್ತಾ ತೋರಿಸಿಕೊಟ್ಟದ್ದೂ ಅದೇ ಪುಟಗಳಲ್ಲಿ ಇತ್ತು. ನಾಲ್ಕು ವರ್ಷ ನನ್ನ ಸ್ವಭಾವವನ್ನೇ ಬೈದುಕೊಂಡಿದ್ದೆ. ದಿನದಲ್ಲಿ ಒಂದು ಗಂಟೆಯನ್ನು ಸರಿಯಾಗಿ ನೋಡಿರಲೇ ಇಲ್ಲ.

ಹದಿನೆಂಟನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಹೀಗೊಂದು ಲೆಕ್ಕ ಇಟ್ಟವರು. ತಮ್ಮಲ್ಲಿ ಇರಬೇಕಾದ 13 ಗುಣಗಳನ್ನು ಚಿಕ್ಕ ಪುಸ್ತಕದಲ್ಲಿ ಪಟ್ಟಿ ಮಾಡಿ, ವಾರಕ್ಕೊಂದು ಗುಣದ ಮೇಲೆ ಗಮನ ಇಟ್ಟು, ತಪ್ಪಿದ ದಿನ ಕಪ್ಪು ಚುಕ್ಕೆ ಹಾಕುತ್ತಿದ್ದರು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹೊಸ ಸುತ್ತಿಗೆ ಹಳೆಯ ಚುಕ್ಕೆ ಕೆರೆದು ಕೆರೆದು ಕಾಗದವೇ ತೂತು ಬಿತ್ತಂತೆ. ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡರು. ಆ ತೂತು ಬಿದ್ದ ಕಾಗದ ನೆನೆಸಿಕೊಂಡರೆ ನನಗೆ ಅವರ ಮೇಲೆ ತುಂಬಾ ಪ್ರೀತಿ ಬರುತ್ತೆ. ಆದರೆ ನಾನು ಏನನ್ನೂ ಅಳಿಸೋದಿಲ್ಲ. ಹಳೆಯ ಗುರುತುಗಳು ಉಳಿದಿದ್ದರಿಂದಲೇ ಅಲ್ವಾ ಏಳು ಗಂಟೆ ಸಿಕ್ಕಿದ್ದು?

ಹಾಗಂತ ಮುಂದೆ ಹೇಗಿರಬೇಕು ಅಂತ ಬರೆಯೋದು ದಂಡ ಅಂತಲ್ಲ. ಮನಶ್ಶಾಸ್ತ್ರಜ್ಞೆ ಲಾರಾ ಕಿಂಗ್ ಅವರ ಒಂದು ಅಧ್ಯಯನ 2001ರಲ್ಲಿ ಬಂತು. ಅದರಲ್ಲಿ ಕೆಲವು ವಿದ್ಯಾರ್ಥಿಗಳು ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ ಬರೆದರು. ಎಲ್ಲ ಅಂದುಕೊಂಡ ಹಾಗೇ ನಡೆದರೆ ಮುಂದೆ ತಮ್ಮ ಬದುಕು ಹೇಗಿರುತ್ತೆ ಅನ್ನೋದೇ ವಿಷಯ. ಬರೆದವರ ಮನಸ್ಸಿಗೆ ಗೆಲುವು ಬಂತು. ನಾನೂ ನಾಲ್ಕು ದಿನ ಬರೆದೆ. ಮೊದಲೆರಡು ದಿನ ಬರೀ ಗುಣಗಳ ಪಟ್ಟಿ: ಶಾಂತಿ, ಸಹನೆ, ಪ್ರೀತಿ. ಮೂರನೇ ದಿನ ಬೇಜಾರಾಗಿ, ಸುಮ್ನೆ ಒಂದು ಸಂಜೆಯನ್ನು ಬರೆದೆ. ಆ ಸಂಜೆಯಲ್ಲಿ ಅಪ್ಪ ಪ್ರಶ್ನೆ ಕೇಳುತ್ತಾರೆ. ನಾನು ಅವರ ಪಕ್ಕ ಕೂತಿದ್ದೇನೆ.

ಕೂತಿದ್ದೇನೆ! ಅದನ್ನು ಓದಿಕೊಂಡಾಗ ಮಾಡಬೇಕಾದ ಕೆಲಸ ಕಣ್ಣಿಗೆ ಕಂಡಿತು.

ಪುಟದ ಕೆಳಗೆ ಒಂದು ಸಾಲು ಬರೆದೆ: "ಅಪ್ಪ ಫೋನ್ ಹಿಡಿದು ಬಂದರೆ, ಮೊದಲು ಬ್ಯಾಗ್ ಇಳಿಸಿ ಕುರ್ಚಿ ಎಳೆದುಕೊಂಡು ಕೂರುತ್ತೇನೆ." ಹೀಗೆ "ಇದಾದರೆ ಇದು ಮಾಡ್ತೀನಿ" ಅಂತ ಸಂದರ್ಭಕ್ಕೂ ಕೆಲಸಕ್ಕೂ ಮೊದಲೇ ಗಂಟು ಹಾಕಿಟ್ಟರೆ, ಬರೀ ಗುರಿ ಇಟ್ಟುಕೊಂಡದ್ದಕ್ಕಿಂತ ಕೆಲಸ ನಡೆಯೋದು ಜಾಸ್ತಿ. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಆ ಕ್ಷಣ ಬಂದಾಗ ಏನು ಮಾಡಲಿ ಅಂತ ಯೋಚಿಸೋ ಗೋಜು ಇರಲ್ಲ. ಸುಸ್ತಾಗಿ ಬಂದವಳಿಗೆ ಅದೇ ದೊಡ್ಡ ಸಹಾಯ. ತಾಳ್ಮೆ ತಂದುಕೊಳ್ಳೋದು ನನಗೆ ಇವತ್ತಿಗೂ ಗೊತ್ತಿಲ್ಲ. ಕುರ್ಚಿ ಎಳೆಯೋದು ಗೊತ್ತು.

ಈ ವಾರ ಎರಡು ಸಲ ಕುರ್ಚಿ ಮರೆತೆ. ಎರಡನ್ನೂ ಬರೆದಿಟ್ಟಿದ್ದೇನೆ. ನಿನ್ನೆಯ ಪುಟ ಹೀಗಿದೆ:

"7.20. ಅಪ್ಪ ಅದೇ ಕೇಳಿದರು. ಕೂತೆ. ಅವರೇ ಬಾಣದ ಗುರುತು ಒತ್ತಿದರು, ಎರಡು ಸಲ ಒತ್ತಿದ್ದಕ್ಕೆ ಫೋಟೊ ಎರಡು ಹೋಯಿತು. 'ಇರಲಿ ಬಿಡು, ಅವಳು ಎರಡು ಸಲ ನೋಡಲಿ' ಅಂದರು. ಆಮೇಲೆ ಅತ್ತೆ ಚಿಕ್ಕವಳಿದ್ದಾಗಿನ ಕಥೆ ಶುರುವಾಯಿತು. ಎದ್ದಾಗ 8.05."