ಅಪ್ಪನಿಗೆ ಮಾತು ಕೇಳಿಸಿದ ಭಾನುವಾರ

"ಹಾಡು ಜೋರಾಗಿ ಕೇಳುತ್ತೆ, ಮಾತೇ ಕೇಳಲ್ಲ." ಟಿವಿಯಲ್ಲಿ ಸಿನಿಮಾ ಹಾಕಿದಾಗಲೆಲ್ಲ ಅಪ್ಪ ಇದನ್ನೇ ಹೇಳುತ್ತಿದ್ದರು. ವಯಸ್ಸಾಯ್ತು, ಕಿವಿ ಮಂದವಾಗಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆ ಸಲ ಶಿವಮೊಗ್ಗಕ್ಕೆ ಹೋದಾಗ ಅವರ ಪಕ್ಕ ಕೂತು ಗಮನ ಕೊಟ್ಟು ಕೇಳಿದೆ. ಅಪ್ಪ ಹೇಳಿದ್ದು ನಿಜ. ಟಿವಿಯ ಸಣ್ಣ ಸ್ಪೀಕರ್‌ಗಳಲ್ಲಿ ಮಾತು ಸಂಗೀತದ ಕೆಳಗೆ ಹೂತುಹೋಗುತ್ತಿತ್ತು.

5.1 ಧ್ವನಿ ಎಂದರೆ ಐದು ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೆಂದೇ ಸಬ್‌ವೂಫರ್ ಎಂಬ ಒಂದು ದೊಡ್ಡ ಪೆಟ್ಟಿಗೆ. ಅಂಥ ಸಿನಿಮಾದಲ್ಲಿ ಮಾತು ಹೆಚ್ಚಾಗಿ ನಡುವಿನ ಒಂದೇ ಸ್ಪೀಕರ್‌ಗೆ ಮೀಸಲು. ಟಿವಿಗೆ ಇರುವುದು ಎರಡೇ ಸ್ಪೀಕರ್. ಹಾಗಾಗಿ ಆರು ದಾರಿಯ ಸದ್ದನ್ನೂ ಕಲಸಿ ಎರಡಕ್ಕೆ ತುಂಬುತ್ತದೆ. ಮನೆಯಲ್ಲಿ ಹಳೆಯ 5.1 ಸ್ಪೀಕರ್ ಸೆಟ್ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ಕಂಪ್ಯೂಟರ್ ಕೂಡ ಇತ್ತು. ಎಲ್ಲವನ್ನೂ ಹಾಲ್‌ಗೆ ತಂದೆ.

ಚಿತ್ರ ಬೇಗ ಬಂತು. ಕಂಪ್ಯೂಟರಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದೆ, ಟಿವಿಯಲ್ಲಿ ಇನ್‌ಪುಟ್ ಬದಲಿಸಿದೆ, ಅಷ್ಟೇ. ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿದಂತಿತ್ತು. ಟಿವಿಯ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಆರಿಸಿದಾಗ ಸರಿಹೋಯಿತು.

ಸದ್ದಿಗೇ ಇಡೀ ಮಧ್ಯಾಹ್ನ ಬೇಕಾಯಿತು. ಎಚ್‌ಡಿಎಂಐ ಚಿತ್ರದ ಜೊತೆ ಸದ್ದನ್ನೂ ಟಿವಿಗೇ ಒಯ್ಯುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಅನ್ನು ಕಂಪ್ಯೂಟರಿನ ಸ್ವಂತ ಜ್ಯಾಕ್‌ಗಳಿಗೆ ಬದಲಿಸಬೇಕಾಯಿತು. ಹಿಂದುಗಡೆ ಹಸಿರು ಜ್ಯಾಕ್ ಮುಂದಿನ ಎರಡು ಸ್ಪೀಕರ್‌ಗೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೆ ಮತ್ತು ಸಬ್‌ವೂಫರ್‌ಗೆ. ಬಣ್ಣ ನೋಡಿ ಚುಚ್ಚಿದರೂ ಎರಡೇ ಸ್ಪೀಕರ್ ಮಾತಾಡಿದವು. ಸ್ಪೀಕರ್ ಸೆಟಪ್‌ನಲ್ಲಿ ಇನ್ನೂ 'ಸ್ಟೀರಿಯೊ' ಎಂದೇ ಇತ್ತು. ಅದನ್ನು 5.1 ಮಾಡಿದೆ.

ಆಮೇಲೆ ಒಂದೊಂದೇ ಸ್ಪೀಕರ್ ಪರೀಕ್ಷಿಸಿದೆ. ಎಡ ಸರಿ, ಬಲ ಸರಿ. ನಡುವಿನದನ್ನು ಒತ್ತಿದರೆ ಸದ್ದು ಸಬ್‌ವೂಫರ್‌ನಿಂದ ಬಂತು, ಕಂಬಳಿ ಹೊದ್ದು ಗೊಣಗಿದ ಹಾಗೆ. ಹೀಗೇ ಬಿಟ್ಟಿದ್ದರೆ ಮಾತೆಲ್ಲ ಆ ದೊಡ್ಡ ಪೆಟ್ಟಿಗೆಯೊಳಗೆ ಹೋಗುತ್ತಿತ್ತು, ಅಪ್ಪನ ಪಾಡು ಮೊದಲಿಗಿಂತ ಕಡೆ! ಕಿತ್ತಳೆ ಜ್ಯಾಕ್ ಒಂದರಲ್ಲೇ ಎರಡು ದಾರಿಗಳಿವೆ. ಯಾವುದು ಯಾವ ಕಡೆ ಎನ್ನುವುದು ಎಲ್ಲ ಸೆಟ್‌ಗಳಲ್ಲೂ ಒಂದೇ ಥರ ಇರುವುದಿಲ್ಲ. ಕಂಪ್ಯೂಟರಿನ ಸದ್ದು ನೋಡಿಕೊಳ್ಳುವ ಸಾಫ್ಟ್‌ವೇರ್ ಆದ ಸೌಂಡ್ ಡ್ರೈವರ್‌ನಲ್ಲಿ ಸೆಂಟರ್ (ನಡುವಿನದು) ಮತ್ತು ಸಬ್‌ವೂಫರ್ ಅದಲುಬದಲು ಮಾಡುವ ಒಂದು ಪುಟ್ಟ ಚೌಕ ಸಿಕ್ಕಿತು. ಅಲ್ಲಿ ಟಿಕ್ ಹಾಕಿದೆ. ಮತ್ತೆ ಒತ್ತಿದಾಗ ಟಿವಿಯ ಕೆಳಗಿನಿಂದ ಸದ್ದು ಸ್ವಚ್ಛವಾಗಿ ಬಂತು. ಆ ಕ್ಷಣದ ಸಂತೋಷ ಇವತ್ತಿಗೂ ನೆನಪಿದೆ.

ಇನ್ನೊಂದು ಕಾಟ ಉಳಿದಿತ್ತು. ಏನೂ ಹಾಕದಿದ್ದಾಗಲೂ "ಗುಂಯ್" ಎಂಬ ಸದ್ದು. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಗು ಅದು. ಸ್ಪೀಕರ್ ವೈರ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಹೋಗಲಿಲ್ಲ. ಟಿವಿಯ ಹಿಂದಿನ ಕೇಬಲ್ ವೈರ್ ಕಿತ್ತ ಕೂಡಲೇ ನಿಶ್ಶಬ್ದ. ಕೇಬಲ್ ಲೈನಿನ ಅರ್ತ್ ಬೇರೆ, ಮನೆಯ ಅರ್ತ್ ಬೇರೆ. ಎರಡೂ ಟಿವಿಯಲ್ಲಿ ಕೂಡಿ, ಎಚ್‌ಡಿಎಂಐ ಮೂಲಕ ಕಂಪ್ಯೂಟರ್ ದಾಟಿ ಸ್ಪೀಕರ್‌ವರೆಗೂ ಬರುತ್ತಿದ್ದವು. ಸಿನಿಮಾ ನೋಡುವಾಗ ಆ ವೈರ್ ತೆಗೆದಿಡಿ ಎಂದು ಅಮ್ಮನಿಗೆ ತೋರಿಸಿಕೊಟ್ಟೆ. ಅರ್ತ್ ಪಿನ್ ಮುರಿದು ಈ ಸದ್ದು ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜೀವಕ್ಕೆ ಅಪಾಯ.

ಸಂಜೆ ಅಪ್ಪ ಕೂತರು. ತುಟಿಗಿಂತ ಮಾತು ಒಂಚೂರು ಮುಂದಿತ್ತು. ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಸಮಯ ತಗೊಳ್ಳುತ್ತದೆ, ನೇರ ವೈರಿನ ಸದ್ದು ಕಾಯುವುದಿಲ್ಲ ಅಲ್ವಾ? ಕಂಪ್ಯೂಟರಿನಲ್ಲಿ ಸಿನಿಮಾ ಹಾಕುವ ವಿಎಲ್‌ಸಿ ಪ್ಲೇಯರ್‌ನಲ್ಲಿ 'ಕೆ' ಕೀ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡು ಸಲ ಒತ್ತಿದೆ. ತುಟಿ, ಮಾತು ಕೂಡಿಕೊಂಡವು. ಹಾಕಿದ್ದು ಅಪ್ಪ ಮೂರು ಸಲ ನೋಡಿದ್ದ ಸಿನಿಮಾ. ಅರ್ಧ ಗಂಟೆ ಅವರು ಏನೂ ಹೇಳಲಿಲ್ಲ, ಜೋರು ಮಾಡು ಎಂದೂ ಕೇಳಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿದರು.

"ಏ, ಇವನು ಅವಳ ಅಣ್ಣ ಅಲ್ವಂತೆ ಕಣೇ. ಭಾವನಂತೆ."