ಮೂಗಿನ ಗ್ಲಿಯಾದ ತವರು

18 ಜುಲೈ 2024, ಗುರುವಾರ, ಧಾರವಾಡ

ನಾಳೆಯ ಭ್ರೂಣಶಾಸ್ತ್ರದ ಪಾಠಕ್ಕೆಂದು ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. 2006ರ ನನ್ನದೇ ಕೈಬರಹ: ‘ಘ್ರಾಣನರದ ಹೊದಿಕೆ ಕೋಶಗಳು, ಮೂಲ: ಮೂಗಿನ ಪ್ಲಾಕೋಡ್’. ಅದರ ಕೆಳಗೆ ಎರಡು ಗೆರೆ ಬೇರೆ! ವಾಸನೆಯ ನರವನ್ನು ಸುತ್ತಿ ಆಸರೆ ಕೊಡುವ ಕೋಶಗಳಿವು; ನರಕೋಶಗಳಲ್ಲದ ಇಂಥ ಆಸರೆಯ ಕೋಶಗಳಿಗೆ ಗ್ಲಿಯಾ ಎನ್ನುತ್ತಾರೆ. ಆ ಮಾತು 2010ರಲ್ಲೇ ಬಿದ್ದುಹೋಯಿತು. ಪುಸ್ತಕದಲ್ಲಿ ಮಾತ್ರ ಇನ್ನೂ ನಿಂತಿದೆ. ನಾಚಿಕೆಯಾಯಿತು.

ಹಳೆಯ ಊಹೆಯೇನೂ ದಡ್ಡತನದ್ದಲ್ಲ. ಭ್ರೂಣದ ತಲೆಯ ಮುಂದೆ ದಪ್ಪಗಾಗುವ ಹೊರಪದರವೇ ಪ್ಲಾಕೋಡ್. ವಾಸನೆ ಹಿಡಿಯುವ ನರಕೋಶಗಳು ಹುಟ್ಟುವುದು ಅಲ್ಲೇ. ಅವುಗಳ ತಂತುಗಳು ಮಿದುಳಿನತ್ತ ಹೊರಟಾಗ ಜೊತೆಗೇ ನಡೆಯುವ ಗ್ಲಿಯಾ ಕೋಶಗಳನ್ನು ಒಡಹುಟ್ಟಿದವರೆಂದು ಭಾವಿಸಿದ್ದರು.

ಕೇಂಬ್ರಿಜ್‌ನ ಕ್ಲೇರ್ ಬೇಕರ್, ಪೆರಿನ್ ಬಾರೊ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ರೀತಿ ನನಗೆ ಬಲು ಇಷ್ಟ. ಹಸಿರಾಗಿ ಹೊಳೆಯುವ ಕೋಳಿ ಭ್ರೂಣದಿಂದ ನರಮಡಿಕೆಯ (ಮುಂದೆ ಮಿದುಳು, ಬೆನ್ನುಹುರಿ ಆಗುವ ಪದರದ ಮಡಿಕೆ) ಚೂರನ್ನು ತೆಗೆದು ಸಾಮಾನ್ಯ ಭ್ರೂಣಕ್ಕೆ ಕಸಿ ಮಾಡಿದರು. ಆ ಮಡಿಕೆಯ ಅಂಚಿನಿಂದ ನ್ಯೂರಲ್ ಕ್ರೆಸ್ಟ್ ಎಂಬ ಕೋಶಗಳು ದೇಹದ ಬೇರೆಡೆಗೆ ವಲಸೆ ಹೊರಡುತ್ತವೆ. ಮೂಗಿನ ನರತಂತುಗಳು ಹೊಳೆಯಲಿಲ್ಲ. ಅವನ್ನು ಸುತ್ತಿದ ಗ್ಲಿಯಾ ಹೊಳೆಯಿತು. ಇಲಿಯಲ್ಲಿಯೂ ಬೇರೆ ವಿಧಾನದಿಂದ ಇದೇ ಉತ್ತರ ಸಿಕ್ಕಿತು. ಅಂದರೆ ಈ ಕೋಶಗಳ ತವರು ಪ್ಲಾಕೋಡ್ ಅಲ್ಲ, ಕ್ರೆಸ್ಟ್; ಅಲ್ಲಿಂದಲೇ ಬಂದು ಕೈಕಾಲಿನ ನರಗಳನ್ನು ಸುತ್ತುವ ಶ್ವಾನ್ ಕೋಶಗಳ ದಾಯಾದಿಗಳು. ಆದರೆ ಸ್ವಭಾವ ಬೇರೆ: ಮೂಗಿನಲ್ಲಿ ಇವು ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕಟ್ಟುವುದಿಲ್ಲ, ಕಂತೆ ಕಂತೆಯಾಗಿ ತಬ್ಬಿಕೊಳ್ಳುತ್ತವೆ.

ತವರು ಯಾವುದಾದರೇನು ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಪೋಲೆಂಡಿನ ದಾರೆಕ್ ಫಿದಿಕಾ ಅವರ ಕಥೆ ಹೇಳಬೇಕು. ಚಾಕು ಇರಿತದಿಂದ ಬೆನ್ನುಹುರಿ ಬಹುತೇಕ ತುಂಡಾಗಿತ್ತು. ಲಂಡನ್ನಿನ ಜೆಫ್ರಿ ರೈಸ್ಮನ್ ವರ್ಷಗಟ್ಟಲೆ ಇಲಿಗಳಲ್ಲಿ ಈ ಗ್ಲಿಯಾದ ಮೇಲೆ ನಡೆಸಿದ ಕೆಲಸವನ್ನು ನಂಬಿ, ವೈದ್ಯರು 2012ರಲ್ಲಿ ಫಿದಿಕಾ ಅವರ ತಲೆಬುರುಡೆ ತೆರೆದು ಒಂದು ಘ್ರಾಣ ಬಲ್ಬನ್ನು (ಮಿದುಳಿನಲ್ಲಿ ವಾಸನೆಯ ನರ ಬಂದು ಸೇರುವ ಭಾಗ) ತೆಗೆದರು. ಅದರಲ್ಲಿದ್ದ ಈ ಗ್ಲಿಯಾ ಸೇರಿದ ಕೋಶಗಳನ್ನು ಬೆಳೆಸಿ, ಕಾಲಿನ ನರದ ಪಟ್ಟಿಗಳೊಂದಿಗೆ ಗಾಯಕ್ಕೆ ಕಸಿ ಮಾಡಿದರು. ಮುಂದೆ ಫಿದಿಕಾ ಆಸರೆ ಹಿಡಿದು ಹೆಜ್ಜೆ ಹಾಕಿದರು. ಒಬ್ಬರೇ ರೋಗಿ, ಹಾಗಾಗಿ ನಾನು ಹಿಗ್ಗುವುದಿಲ್ಲ. ಆದರೆ ಕ್ರೆಸ್ಟ್‌ನ ಮೂಲಕೋಶಗಳು ದೊಡ್ಡವರ ಕೂದಲ ಬುಡದಲ್ಲಿಯೂ ಉಳಿದಿರುತ್ತವೆ. ಅವುಗಳಿಂದ ಈ ಗ್ಲಿಯಾವನ್ನು ಬೆಳೆಸಲಾದರೆ ಬುರುಡೆ ಕೊರೆಯುವ ಕೆಲಸವೇ ತಪ್ಪುತ್ತದೆ.

ಹಳೆಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ನಾಳೆಗೆಂದು 33 ಗಂಟೆಯ ಕೋಳಿ ಭ್ರೂಣದ ಸ್ಲೈಡುಗಳನ್ನು ಒರೆಸಿಟ್ಟೆ. ಆರರಲ್ಲಿ ಎರಡರ ಗಾಜು ಬಿರುಕು ಬಿಟ್ಟಿದೆ.